ನೀರನ್ನು ಹದಗೊಳಿಸುವವರಿಗೂ ಪರವಾನಗಿ ಬೇಕು

ಹುಬ್ಬಳ್ಳಿ ತಾಲೂಕಿನ ಸುಳ್ಳ ಮೊದಲಾದ ಎರೆಸೀಮೆಯ ಊರುಗಳಲ್ಲಿ ಸವಳು ನೀರೆಂದರೇನೆಂಬುದನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಎಷ್ಟು ಹೊತ್ತು ಕುದಿಸಿದರೂ ತೊಗರಿಬೇಳೆ ಬೇಯದೆ ಉಳಿಯುವುದು, ಸಾಬೂನು ನೊರೆಯೇಳದೆ ಬಟ್ಟೆಗೆ ಮೆತ್ತಿಕೊಳ್ಳುವುದು, ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟುವುದು, ಇವೆಲ್ಲ ಆ ನೀರಿನ ಲಕ್ಷಣಗಳು. ಆದುದರಿಂದಲೇ ಈ ಸೀಮೆಯ ಹಿರಿಯರು ಕುಡಿಯುವುದಕ್ಕೆ ಕೆರೆಯ ನೀರನ್ನೂ ಉಳಿದ ಬಳಕೆಗೆ ಬಾವಿಯ ನೀರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರು. ಅವರ ಈ ವಿವೇಕದ ಸ್ಥಾನವನ್ನು ಇಂದು ಯಂತ್ರಗಳು ಆಕ್ರಮಿಸಿವೆ.

ಆ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದರಲ್ಲಿ ರಾಳದ ಸಣ್ಣ ಹರಳುಗಳು ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು, ಅವುಗಳಿಗೆ ಪ್ರತಿಯಾಗಿ ಸೋಡಿಯಮನ್ನು ನೀರಿಗೆ ಬಿಡುತ್ತವೆ. ಹರಳುಗಳ ಶಕ್ತಿ ಕುಂದಿದಾಗ ಉಪ್ಪುನೀರಿನಿಂದ ತೊಳೆದು ಅವನ್ನು ಪುನಃ ಸಿದ್ಧಗೊಳಿಸಬೇಕು. ಎರಡನೆಯದಾದ ಆರ್‌ಓ ಯಂತ್ರದಲ್ಲಿ ಅತಿಸೂಕ್ಷ್ಮವಾದ ಪೊರೆಯೊಂದರ ಮೂಲಕ ಒತ್ತಡದಿಂದ ನೀರನ್ನು ಹಾಯಿಸಿ, ಲವಣಗಳು ಸಾಂದ್ರವಾಗಿ ಉಳಿದ ಭಾಗವನ್ನು ಹೊರಗೆ ಚೆಲ್ಲಲಾಗುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ನೀರು ಸಾಮಾನ್ಯವಾಗಿ ಈ ಬಗೆಯದು.

ನೀರಿನ ವಿಷಯದಲ್ಲಿ ನಮ್ಮ ಶಾಸನಗಳು ಮೌನವಾಗಿಲ್ಲ. ಕೊಳವೆಬಾವಿ ಕೊರೆಯುವ ಯಂತ್ರಗಳ ಒಡೆಯರು 2011ರ ಕರ್ನಾಟಕ ಅಂತರ್ಜಲ ಅಧಿನಿಯಮದನ್ವಯ ನೋಂದಣಿ ಮಾಡಿಸಿಕೊಳ್ಳಬೇಕು. ನಗರದಲ್ಲಿ ಸಾರ್ವಜನಿಕ ನಳದ ಜೋಡಣೆಗೆ ಪರವಾನಗಿಯುಳ್ಳ ಪ್ಲಂಬರನೇ ಬೇಕು. ಬಾಟಲಿಯಲ್ಲಿ ನೀರು ತುಂಬಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇಕು. ಮನೆಬಳಕೆಯ ಆರ್‌ಓ ಯಂತ್ರಕ್ಕೆ ಐಎಸ್ 16240 ಎಂಬ ಮಾನಕವುಂಟು. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಓ ಬಳಸುವುದನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರ ಮೇ ತಿಂಗಳಿನಲ್ಲಿ ಆದೇಶಿಸಿತು. 2023ರಲ್ಲಿ ಕೇಂದ್ರ ಸರ್ಕಾರವು ಜಲಶುದ್ಧೀಕರಣ ಯಂತ್ರಗಳ ಬಳಕೆಯ ಬಗೆಗೆ ನಿಯಮಗಳನ್ನೇ ಹೊರಡಿಸಿತು. ಆದರೆ ಮನೆಗೆ ಬಂದು, ನೀರು ಎಂಥದೆಂದು ನಿರ್ಣಯಿಸಿ, ಯಂತ್ರವನ್ನು ಜೋಡಿಸಿ, ಪೊರೆಯನ್ನು ಬದಲಿಸಿ ಹೋಗುವ ಮನುಷ್ಯನು ಮಾತ್ರ ಯಾವ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕಾಗಿಲ್ಲ. ಯಂತ್ರಕ್ಕೆ ಮಾನಕವಿದ್ದು ಅದನ್ನು ನಡೆಸುವವನ ವಿದ್ಯೆಗೆ ಮಾನಕವಿಲ್ಲದಿರುವುದೇ ಇಲ್ಲಿನ ದೊಡ್ಡ ಕೊರತೆ.

ಇದರಿಂದಾಗುವ ಹಾನಿಯನ್ನು ಅರಿಯಲು ಪೆನ್ನಿನಾಕಾರದ ಟಿಡಿಎಸ್ ಮೀಟರೊಂದನ್ನು ಗಮನಿಸಿದರೆ ಸಾಕು. ಅದನ್ನು ಲೋಟದಲ್ಲಿ ಅದ್ದಿ, ಅಂಕಿ ಇಳಿದುದನ್ನು ತೋರಿಸಿ, ನೀರು ಶುದ್ಧವಾಯಿತೆಂದು ಹೇಳುವುದು ವಾಡಿಕೆ. ಆದರೆ ಆ ಅಂಕಿಯು ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಸೂಚಿಸುತ್ತದೆ. ರೋಗಾಣುಗಳ ಸುಳಿವನ್ನು ಅದು ಕೊಡಲಾರದು, ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಫ್ಲೋರೈಡು ಎಷ್ಟಿದೆಯೆಂಬುದನ್ನೂ ಹೇಳಲಾರದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಮಿತಿಯೆಂದು ಹೇಳಿ, ಬೇರೆ ಜಲಮೂಲವಿಲ್ಲದಲ್ಲಿ 1.5ರವರೆಗೆ ಒಪ್ಪುತ್ತದೆ. ಇಷ್ಟು ಸಣ್ಣ ಪ್ರಮಾಣದ ಭೇದವನ್ನು ನೂರಾರು ಮಿಲಿಗ್ರಾಂ ಲವಣಗಳ ಮೊತ್ತದಲ್ಲಿ ಆ ಮೀಟರು ಗುರುತಿಸುವುದು ಅಸಾಧ್ಯ.

ಎರೆಭೂಮಿಗೆ ಇನ್ನೊಂದು ಅಪಾಯವುಂಟು. ರಾಳವನ್ನು ತೊಳೆದ ಉಪ್ಪುನೀರನ್ನು ಹಿತ್ತಲಿಗೋ ಹೊಲದ ಬದುವಿಗೋ ಬಿಟ್ಟರೆ, ಅದರಲ್ಲಿನ ಸೋಡಿಯಂ ಜೇಡಿಕಣಗಳ ಹೆಂಟೆಯನ್ನು ಒಡೆದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಮಳೆಯ ನೀರು ಒಳಕ್ಕಿಳಿಯದೆ, ಹತ್ತಿ, ಕಡಲೆ, ಜೋಳಗಳನ್ನು ಬೆಳೆಯುವ ಮಣ್ಣು ಕ್ರಮೇಣ ಗಟ್ಟಿಯಾಗುತ್ತದೆ. ಅಂತೆಯೇ ಮೆದುಗೊಳಿಸಿದ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ, ರಕ್ತದೊತ್ತಡವುಳ್ಳವರ ಮನೆಯಲ್ಲಿ ಅದನ್ನು ಕುಡಿಯುವ ನಳಕ್ಕೆ ಜೋಡಿಸುವ ಮುನ್ನ ಯೋಚಿಸಬೇಕು. ಇವೆಲ್ಲವನ್ನೂ ಬಲ್ಲವನೇ ಈ ಕಸುಬಿಗೆ ಯೋಗ್ಯನು.

ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ನೀರನ್ನು ಹದಗೊಳಿಸುವ ಗುತ್ತಿಗೆದಾರರಿಗೆ ಪ್ರತ್ಯೇಕ ಪರವಾನಗಿಯುಂಟು; ಕೆಲಸದ ಹೊಣೆಯನ್ನು ಪರೀಕ್ಷೆಯಲ್ಲಿ ಉತ್ತೀರ್ಣನಾದ ನಿಪುಣನು ಹೊರಬೇಕು, ಗುತ್ತಿಗೆದಾರನು ಜಾಮೀನನ್ನೂ ವಿಮೆಯನ್ನೂ ಒದಗಿಸಬೇಕು. ನಮಗೆ ಅದರ ನಕಲು ಬೇಡ, ತತ್ತ್ವ ಸಾಕು. ನೀರಿನ ಪರೀಕ್ಷೆ, ತಕ್ಕ ಯಂತ್ರದ ಆಯ್ಕೆ, ಬಳಸಿದ ನೀರು ಸಾರ್ವಜನಿಕ ನಳಕ್ಕೆ ಹಿಂದಕ್ಕೆ ಹರಿಯದಂತೆ ತಡೆಯುವ ಜೋಡಣೆ, ಉಪ್ಪುನೀರಿನ ವಿಲೇವಾರಿ, ಈ ನಾಲ್ಕರಲ್ಲಿ ಪರೀಕ್ಷಿಸಿ ನಮ್ಮ ಸರ್ಕಾರವು ಪರವಾನಗಿ ಕೊಡುವುದು ದುಸ್ಸಾಧ್ಯವಲ್ಲ. ಜಲಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿರುವಾಗ, ಹಣ ಪಡೆದು ಈ ಕಸುಬನ್ನು ಮಾಡುವವರಿಗೆ ಅಷ್ಟಾದರೂ ವಿದ್ಯೆಯಿರಬೇಕೆಂದು ಕೇಳುವುದು ನ್ಯಾಯವಲ್ಲವೆ?

ಅಂಥ ಕಾಯಿದೆ ಬರುವವರೆಗೆ ಗ್ರಾಮ ಪಂಚಾಯತಿಗಳು ಸುಮ್ಮನಿರಬೇಕಾಗಿಲ್ಲ. ಘಟಕದ ನಿರ್ವಹಣೆಯನ್ನು ಗುತ್ತಿಗೆ ಕೊಡುವಾಗ, ಪ್ರಯೋಗಾಲಯದ ವರದಿ, ಪೊರೆ ಬದಲಿಸಿದ ದಿನಾಂಕ, ತ್ಯಾಜ್ಯ ನೀರು ಹೋಗುವ ಸ್ಥಳ, ಇವನ್ನು ಘಟಕದ ಗೋಡೆಯ ಮೇಲೆ ಬರೆಯಿಸಬೇಕೆಂಬ ಷರತ್ತನ್ನು ಈಗಲೇ ಸೇರಿಸಬಹುದು. ಮನೆಯವರೂ ಯಂತ್ರದ ಬೆಲೆಯನ್ನು ಕೇಳುವ ಮುನ್ನ ತಮ್ಮ ನೀರಿನ ಪರೀಕ್ಷೆಯ ವರದಿಯನ್ನು ಕೇಳಲಿ.