ಉಣ್ಣುವ ಮೊಸಳೆಯ ಸನಿಹದಲ್ಲಿ

ಕುಳಗಿಯ ಪ್ರಕೃತಿ ಶಿಬಿರದಲ್ಲಿ ರಾತ್ರಿ ತಂಗಿ, ಬೆಳಗಾದೊಡನೆ ಕಾಳಿಯಲ್ಲಿ ಮೀಯಬೇಕೆಂದು ಉತ್ಸುಕನಾಗುವ ಪ್ರವಾಸಿಗನು, ಸಮೀಪದ ದಾಂಡೇಲಿಯಲ್ಲಿ ಅದೇ ನದಿಯು ಮೊಸಳೆಗಳ ಆವಾಸಸ್ಥಾನವಾಗಿರುವುದನ್ನು ಮೊದಲು ಅರಿತುಕೊಳ್ಳತಕ್ಕದ್ದು. ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯುವಾಗ ಜಡವಸ್ತುವಿನಂತೆ ತೋರುವ ಈ ಪ್ರಾಣಿ, ದವಡೆಯ ಚರ್ಮದಲ್ಲಿರುವ ಸೂಕ್ಷ್ಮ ಸ್ಪರ್ಶೇಂದ್ರಿಯಗಳಿಂದ ನೀರಿನ ಅತ್ಯಲ್ಪ ಕಂಪನವನ್ನೂ ಗ್ರಹಿಸಬಲ್ಲುದು. ಅಗಿಯಲರಿಯದ ಅದು ಕಚ್ಚಿದುದನ್ನು ಹೊರಳಾಡಿ ಹರಿದು ನುಂಗುವುದರಿಂದ, ಅದು ಉಣ್ಣುತ್ತಿರುವ ಕದಡಿದ ಮಡುವಿನಲ್ಲಿ ಮನುಷ್ಯನಿಗೆ ಸುರಕ್ಷಿತ ಅಂತರವೆಂಬುದೇ ಇಲ್ಲ. 2021ರ ಅಕ್ಟೋಬರಿನಲ್ಲಿ ದಾಂಡೇಲಿಯಲ್ಲಿ ಗಾಳ ಹಾಕುತ್ತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತು.

ದಾಂಡೇಲಿಯಿರುವ ಜಿಲ್ಲೆಯದೇ ಆದ ಮುರ್ಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಮುಳುಗುವವರ ಸ್ಥಿತಿ ಬೇರೆ. ಅಲ್ಲಿ ನೀರು ತಿಳಿಯಾಗಿದ್ದಾಗ ಬೇಟೆಗಾರ ಮೀನು ಕಣ್ಣಿಗೆ ಬೀಳುತ್ತದೆ. ತಿನಿಸನ್ನು ಒಯ್ಯದೆ, ಬೇಟೆಗೂ ಬೇಟೆಗಾರನಿಗೂ ನಡುವೆ ನುಸುಳದೆ, ಕೈಕಾಲು ಬಡಿಯದೆ, ಮಾರ್ಗದರ್ಶಕನ ಪಕ್ಕದಲ್ಲಿಯೇ ಇದ್ದು, ಅದರತ್ತ ಮುಖವಿರಿಸಿಕೊಂಡೇ ಮೆಲ್ಲನೆ ಹಿಂದೆ ಸರಿಯುವವನಿಗೆ ಅಪಾಯ ಅತ್ಯಲ್ಪ. ಕಾಳಿಯಲ್ಲಿ ಈ ವಿದ್ಯೆ ನಡೆಯದು.

ನನ್ನ ಅಭಿಪ್ರಾಯದಲ್ಲಿ ಮೊಸಳೆಗಿಂತಲೂ ಅದಕ್ಕೆ ಔತಣ ಬಡಿಸುವವರೇ ಹೆಚ್ಚು ಭಯಂಕರರು: ಕೋಳಿಯಂಗಡಿಯ ಕರುಳು, ಪುಕ್ಕಗಳನ್ನು ಹೊಳೆಗೆ ಸುರಿದಲ್ಲಿ, ದಂಡೆಯ ಮೇಲಣ ಮನುಷ್ಯನ ಹೆಜ್ಜೆಯೇ ಊಟದ ಕರೆಯೆಂದು ಆ ಪ್ರಾಣಿ ಕಲಿಯುತ್ತದೆ. ಆದುದರಿಂದ ದಾಂಡೇಲಿಗೆ ಬರುವವರೂ ಅಲ್ಲಿಯವರೂ ದಯವಿಟ್ಟು ಹೊಳೆಗೆ ಏನನ್ನೂ ಎಸೆಯಬೇಡಿ. ಮುಸ್ಸಂಜೆಯಾದ ಬಳಿಕ ದಂಡೆಗೆ ಇಳಿಯಲೇಬೇಡಿ.