ಒಲೆಯ ಬೆಳಕಲ್ಲಿ ಅಜ್ಜಿ

ತ್ರೀಡಿ ಕಲಿಯಲು ಹೊರಟವರಿಗೆಲ್ಲ ಒಂದು ಭ್ರಮೆ ಇರುತ್ತೆ. ಮೂಗು, ಕಣ್ಣು, ಸುಕ್ಕು ಎಲ್ಲ ನೀಟಾಗಿ ಕೆತ್ತಿಬಿಟ್ಟರೆ ಚಿತ್ರ ಮುಗೀತು ಅಂತ. ಅಲ್ಲಿಗೆ ಮುಗಿಯೋದು ಬೊಂಬೆ ಮಾತ್ರ. ಆ ಬೊಂಬೆ ಯಾರು, ಯಾವ ಹೊತ್ತಲ್ಲಿ ಕೂತಿದ್ದಾಳೆ, ಅವಳ ಮನಸ್ಸು ಹೇಗಿದೆ ಅಂತ ಹೇಳೋದು ಬೆಳಕು. ನಮ್ಮಜ್ಜಿಯ ಚಿತ್ರ ಮಾಡುತ್ತಾ ಇದು ನನಗೆ ಚೆನ್ನಾಗಿ ಅರ್ಥವಾಯಿತು.

ನಾನಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೇ ಕತ್ತಲು. ಹಗಲೆಲ್ಲ ಆಫೀಸಿನ ಕೋಡು, ರಾತ್ರಿ ಬ್ಲೆಂಡರ್. ಈ ಬ್ಲೆಂಡರ್ ಕೂಡ ಇಲ್ಲಿನದೇ ಕೂಸು. 2002ರಲ್ಲಿ ಟಾನ್ ರೋಸೆಂಡಾಲ್ ಜನರಿಂದ ಒಂದು ಲಕ್ಷ ಯೂರೋ ಕೂಡಿಸಿ, ಅದರ ಸೋರ್ಸ್ ಕೋಡನ್ನು ಬಿಡಿಸಿಕೊಂಡು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ನನ್ನಂಥವರು ಕಾಸು ಬಿಚ್ಚದೆ ಕಲಿಯೋದು ಅವರ ಪುಣ್ಯದಿಂದ!

ಅಜ್ಜಿಯ ಫೋಟೋ ಅಂತ ನಮ್ಮಲ್ಲಿರೋದು ಎರಡೇ. ಒಂದು ಓಟರ್ ಕಾರ್ಡಿನದು, ಇನ್ನೊಂದು ಚಿಕ್ಕಮ್ಮನ ಮದುವೆಯದು. ಎರಡರಲ್ಲೂ ಫ್ಲಾಶ್ ಹೊಡೆದು ಮುಖ ಚಪ್ಪಟೆ. ಕ್ಯಾಮೆರಾ ಇರುವ ಕಡೆಯಿಂದಲೇ ಬೆಳಕು ಬಂದರೆ ನೆರಳೆಲ್ಲ ಹಿಂದೆ ಅಡಗಿಬಿಡುತ್ತೆ. ನೆರಳಿಲ್ಲದಿದ್ದರೆ ಸುಕ್ಕೂ ಇಲ್ಲ, ಕೆನ್ನೆಯ ಗುಳಿಯೂ ಇಲ್ಲ. "ಅಮ್ಮ ಹೀಗಿರ್ಲಿಲ್ಲ ಕಣೋ" ಅಂತ ನಮ್ಮಮ್ಮ ಆ ಫೋಟೋ ನೋಡಿದಾಗಲೆಲ್ಲ ಅಂತಾಳೆ.

ಪಾಠದ ಪ್ರಕಾರ ದೀಪಗಳು ಮೂರು. ಪಕ್ಕದಿಂದ ಮುಖ್ಯ ದೀಪ, ಎದುರು ಬದಿಯಿಂದ ನೆರಳನ್ನು ತಿಳಿಯಾಗಿಸೋ ಮಂದ ದೀಪ, ಹಿಂದಿನಿಂದ ತಲೆ-ಹೆಗಲಿಗೆ ಅಂಚು ಕೊಡೋದೊಂದು. ಟಿವಿಯಲ್ಲಿ ವಾರ್ತೆ ಓದುವವರಿಗೆ ಇದು ಸರಿ. ನಮ್ಮಜ್ಜಿ ಕೂರುತ್ತಿದ್ದದ್ದು ಒಲೆಯ ಮುಂದೆ. ಅಲ್ಲಿ ಬೆಳಕು ಬರೋದು ಕೆಳಗಿನಿಂದ. ಕೆಳಗಿನ ಬೆಳಕು ಅಂದರೆ ದೆವ್ವದ ಸಿನಿಮಾ ಅಂತ ಪುಸ್ತಕಗಳು ಹೇಳುತ್ತವೆ. ಆದರೆ ಮಲೆನಾಡಿನ ಮೊಮ್ಮಕ್ಕಳಿಗೆ ಆ ಬೆಳಕಿನ ಮುಖ ಎಂದರೆ ಬಿಸಿ ದೋಸೆ, ಬೆಲ್ಲ!

ಹೆದರಿಕೆ ಹುಟ್ಟಿಸೋದು ಬೆಳಕಿನ ದಿಕ್ಕೊಂದೇ ಅಲ್ಲ, ಅದರ ಗಾತ್ರವೂ ಹೌದು. ಟಾರ್ಚಿನಂಥ ಪುಟ್ಟ ಮೂಲದಿಂದ ಬಂದ ಬೆಳಕು ಚೂಪಾದ ನೆರಳು ಬೀಳಿಸುತ್ತೆ. ಒಲೆ ಬಾಯಿಯ ಬೆಂಕಿ ಒಂದು ಗೇಣಿಗಿಂತ ಅಗಲ, ಅದರ ನೆರಳಿನ ಅಂಚು ಮೆತ್ತಗೆ. ದೀಪದ ಗಾತ್ರ ಹಿಗ್ಗಿಸಿ, ಅಜ್ಜಿಯ ಗಲ್ಲದ ಕೆಳಗಿಂದ ಸ್ವಲ್ಪ ದೂರ, ಮುಂದಕ್ಕೆ ಸರಿಸಿದೆ. ಮುಖ ಮೃದುವಾಯಿತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟ್ 1631ರಲ್ಲಿ ಬರೆದ, ಪುಸ್ತಕ ಓದುವ ಮುದುಕಿಯ ಚಿತ್ರವಿದೆ. ಅಲ್ಲಿ ಬೆಳಕೆಲ್ಲ ಪುಟದ ಮೇಲೆ, ಪುಟದ ಮೇಲಿಟ್ಟ ಸುಕ್ಕುಗೈ ಮೇಲೆ. ಮುಖ ನೆರಳಿನಲ್ಲೇ ಇದೆ. ನೋಡಿದರೆ ಭಯವಾಗಲ್ಲ, ಹತ್ತಿರ ಹೋಗಿ ಕೂರೋಣ ಅನ್ನಿಸುತ್ತೆ.

ಇನ್ನು ಚರ್ಮ. ಬೆರಳನ್ನು ಟಾರ್ಚಿಗೆ ಅಡ್ಡ ಹಿಡಿದರೆ ಕೆಂಪಗೆ ಕಾಣುತ್ತಲ್ಲ? ಬೆಳಕು ಚರ್ಮದೊಳಗೆ ಹೊಕ್ಕು, ಚೆದುರಿ, ಬೇರೆ ಕಡೆಯಿಂದ ಹೊರಬರೋದೇ ಅದಕ್ಕೆ ಕಾರಣ. ಇದನ್ನು ಕಂಪ್ಯೂಟರಿನಲ್ಲಿ ಬೇಗ ಲೆಕ್ಕ ಹಾಕೋ ದಾರಿಯೊಂದನ್ನು 2001ರಲ್ಲಿ ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಿಲ್ಲದಿದ್ದರೆ ಅಜ್ಜಿ ಪ್ಲಾಸ್ಟಿಕ್ ಅಜ್ಜಿ. ಅದನ್ನು ಹಾಕಿದ ಮೇಲೆ ಕಿವಿಯ ಅಂಚು ಬೆಂಕಿಗೆ ಕೆಂಪೇರಿತು. ಎರಡೂ ಕಣ್ಣಲ್ಲಿ ಕೆಂಡದ ಒಂದೊಂದು ಚುಕ್ಕೆ. ಆ ಚುಕ್ಕೆ ಇಲ್ಲದಿದ್ದರೆ ಕಣ್ಣಿಗೆ ಜೀವವೇ ಬರಲ್ಲ.

ಕೊನೆಗೆ ಗಾಜಿನ ಹೆಂಚು. ಬೆಂಕಿಯ ಬಣ್ಣ ಸುಮಾರು 1900 ಕೆಲ್ವಿನ್, ಕಿತ್ತಳೆ. ಅದರ ಪಕ್ಕ ಹಗಲಿನ 5500 ಕೆಲ್ವಿನ್ ಬೆಳಕು ಬಿದ್ದರೆ ಕಣ್ಣಿಗೆ ತುಸು ನೀಲಿ. ಹೊಗೆ ಇರೋದರಿಂದ ಬಿಸಿಲು ಕೋಲಾಗಿ ಕಾಣುತ್ತೆ. ಬಿಸಿಲುಕೋಲು ಅಂದಕೂಡಲೇ ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ನೆನಪಾಗಬೇಕು. 'ಕಾಗಜ್ ಕೆ ಫೂಲ್' (1959) ಚಿತ್ರಕ್ಕೆ ಹೊರಗಿನ ಬಿಸಿಲನ್ನೇ ಕನ್ನಡಿಯಲ್ಲಿ ಸ್ಟುಡಿಯೋ ಒಳಗೆ ತಂದವರು ಅವರು. ನನಗೆ ಕನ್ನಡಿ ಬೇಡ, ಒಂದು ದೀಪ ಮತ್ತು ಸ್ವಲ್ಪ ಹೊಗೆ ಸಾಕು. ಆದರೆ ಕೋಲು ಎಲ್ಲಿ ಬೀಳಬೇಕು ಅಂತ ಯಾವ ಸಾಫ್ಟ್‌ವೇರೂ ಹೇಳಲ್ಲ. ಆ ಅಡುಗೆಮನೆ ಕೆಡವಿ ಆರ್‌ಸಿಸಿ ಹಾಕಿ ವರ್ಷಗಳೇ ಆದವು. ನೆನಪಿನಿಂದ ಅಜ್ಜಿಯ ಎಡ ಹೆಗಲಿನ ಮೇಲೆ ಬೀಳಿಸಿದೆ. ಉಳಿದದ್ದೆಲ್ಲ ಕತ್ತಲೆಗೆ ಬಿಟ್ಟೆ. ಒಲೆ ಕೂಡ ಚಿತ್ರದಲ್ಲಿಲ್ಲ, ಅದರ ಬೆಳಕು ಮಾತ್ರ.

ಅಮ್ಮನಿಗೆ ಕಳಿಸಿದೆ. ಸುಮಾರು ಹೊತ್ತು ಉತ್ತರವಿಲ್ಲ. ಆಮೇಲೆ ಫೋನೇ ಬಂತು.

"ಇದು ಹತ್ತು ಗಂಟೆ ಹೊತ್ತು ಕಣೋ. ಗಾಜಿನ ಹೆಂಚಿನ ಬಿಸಿಲು ಅಮ್ಮನ ಹೆಗಲಿಗೆ ಬಂತು ಅಂದ್ರೆ ದೋಸೆ ಮುಗಿಸಿ ಅನ್ನಕ್ಕಿಡೋ ಹೊತ್ತು."

ಮೂರು ವಾರ ಕೆತ್ತಿದ ಮೂಗಿನ ಬಗ್ಗೆ ಒಂದು ಮಾತೂ ಇಲ್ಲ :-)

ಊರಿಗೆ ಹೋದಾಗ ನೀವೂ ಹಿರಿಯರ ಫೋಟೋ ತೆಗೆಯುತ್ತೀರಲ್ಲ, ಒಂದು ಕೆಲಸ ಮಾಡಿ. ಫ್ಲಾಶ್ ಆರಿಸಿ, ಅವರು ದಿನಾ ಕೂರೋ ಜಾಗದಲ್ಲೇ ಕೂರಿಸಿ, ಬೆಳಕು ಎಲ್ಲಿಂದ ಬರುತ್ತೆ ಅಂತ ಒಂದು ನಿಮಿಷ ನೋಡಿ. ಆಮೇಲೆ ಕ್ಲಿಕ್ ಮಾಡಿ.