ಬ್ಯಾಡ್ಜ್ ತೆಗೆದ ಮರುದಿನ
ಅಜೆಕಾರಿನಂಥ ಊರಿಂದ ಬಂದ ನಮಗೆ ಮಿಷನ್ ಅಂದ್ರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಅದರ ಹೆಂಚು, ಅಚ್ಚುಕೂಟ ನೆನಪಾಗ್ತದೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಇನ್ನೊಂದು ಬಗೆ ನೋಡಿದೆ. ಪಕ್ಕದ ಬಾಡಿಗೆ ಮನೆಯಲ್ಲಿ ಇಬ್ಬರು ಮಾರ್ಮನ್ ಹುಡುಗರು: ಬಿಳಿ ಶರ್ಟು, ಟೈ, ಎದೆಯಲ್ಲಿ ಕಪ್ಪು ಬ್ಯಾಡ್ಜ್.

ಹುಡುಗರಿಗೆ 24 ತಿಂಗಳ ಸೇವೆ, ಹುಡುಗಿಯರಿಗೆ 18. ಸಂಬಳ ಇಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಓದು, ಆಮೇಲೆ ದಿನವಿಡೀ ಜನರ ಭೇಟಿ. ರಾತ್ರಿ ಹತ್ತೂವರೆಗೆ ಲೈಟ್ ಆಫ್. ಜೊತೆಗಾರನನ್ನು ಬಿಟ್ಟು ಒಬ್ಬನೇ ತಿರುಗುವ ಹಾಗಿಲ್ಲ. ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದು. 2019ರ ಫೆಬ್ರವರಿವರೆಗೆ ಸಾಮಾನ್ಯವಾಗಿ ವರ್ಷಕ್ಕೆರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ.

ಇಬ್ಬರಲ್ಲಿ ಒಬ್ಬನಿಗೆ ಇನ್ನು ಆರೇ ವಾರ ಬಾಕಿ. "ಖುಷಿಯಾ?" ಅಂತ ಕೇಳಿದೆ.

"ಅಮ್ಮನನ್ನು ನೋಡುವ ಖುಷಿ ಇದೆ. ಆದ್ರೆ ಡಿಗ್ರಿ ಅರ್ಧಕ್ಕೆ ನಿಂತಿದೆ, ಫ್ರೆಂಡ್ಸ್ ಎಲ್ಲ ಕೆಲಸಕ್ಕೆ ಸೇರಿದ್ದಾರೆ. ಇಲ್ಲಿ ಪ್ರತಿ ಗಂಟೆಗೂ ಏನು ಮಾಡ್ಬೇಕಂತ ಗೊತ್ತಿರ್ತದೆ. ಅಲ್ಲಿ ನಾನೇ ಹುಡುಕ್ಬೇಕಲ್ಲ, ಅಣ್ಣಾ?"

ಅವನ ನಂಬಿಕೆ ನನ್ನದಲ್ಲ. ಆದರೆ ಹಾಸ್ಟೆಲ್ ಬೆಲ್, ಪರೀಕ್ಷೆಯ ಟೈಮ್‌ಟೇಬಲ್ ಎಲ್ಲ ಮುಗಿದ ಮೇಲೆ ಬರುವ ಆ ಖಾಲಿ ಸೋಮವಾರ ನಮಗೂ ಗೊತ್ತುಂಟಲ್ಲ? ಕಾಲೇಜಿಗೆ ಮತ್ತೆ ಸೇರುವ ಅರ್ಜಿಯನ್ನು ಅವನು ಆಗಲೇ ತುಂಬಿಸಿಟ್ಟಿದ್ದ. ಅಲಾರಂ ಮಾತ್ರ ಆರೂವರೆಗೇ ಇರಲಿ ಅಂದ.